ಮರ್ರೆ–ಡಾರ್ಲಿಂಗ್ ಬಯಲೋ, ನೈರುತ್ಯದ ಗೋಧಿ ನಾಡೋ?

ಜನವಸತಿಯಿರುವ ಖಂಡಗಳಲ್ಲೇ ಅತ್ಯಂತ ಒಣದಾದ ಆಸ್ಟ್ರೇಲಿಯದಲ್ಲಿ ಬೇಸಾಯದ ಜಮೀನು ಕೊಳ್ಳಬಯಸುವವರು ಎಕರೆಯ ಬೆಲೆಗಿಂತ ಮೊದಲು ಅಲ್ಲಿಯ ಬರದ ಸ್ವಭಾವವನ್ನು ವಿಚಾರಿಸುವುದು ಒಳ್ಳೆಯದು.

ಪೂರ್ವದ ಮರ್ರೆ–ಡಾರ್ಲಿಂಗ್ ನದಿಗಳ ಜಲಾನಯನ ಪ್ರದೇಶದಲ್ಲಿ ಬರವು ಅಲೆಯಂತೆ ಬಂದು ಹೋಗುತ್ತದೆ. ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ, ಕಾಣಿಸಿಕೊಂಡಾಗ, ಅದರಲ್ಲೂ ಹಿಂದೂ ಮಹಾಸಾಗರದ ತಾಪಮಾನವೂ ಪ್ರತಿಕೂಲವಾಗಿದ್ದಾಗ, ಮಳೆ ಕೈಕೊಡುವ ಸಂಭವ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಯ ಬರ, 1997ರಿಂದ 2009ರವರೆಗಿನ ದೀರ್ಘ ಬರ, 2017–19ರ ಉಗ್ರ ಬರ, ಇವೆಲ್ಲ ಈ ಬಯಲನ್ನು ಹಿಂಡಿವೆ. 2019ರ ಜನವರಿಯಲ್ಲಿ ಮೆನಿಂಡಿ ಊರಿನ ಬಳಿ ಹರಿವು ನಿಂತ ಡಾರ್ಲಿಂಗ್ ನದಿಯಲ್ಲಿ ಆಮ್ಲಜನಕ ಸಾಲದೆ ಲಕ್ಷಾಂತರ ಮೀನುಗಳು ಸತ್ತು ತೇಲಿದವು. ಅವುಗಳಲ್ಲಿ ದಶಕಗಳಷ್ಟು ವಯಸ್ಸಾದ ಮರ್ರೆ ಕಾಡ್ ಮೀನುಗಳೂ ಇದ್ದವು. ಆದರೆ ಬರ ಮುರಿದಾಗ ಇದೇ ಬಯಲು ನೆರೆಯಲ್ಲಿ ಮುಳುಗುವುದೂ ಉಂಟು.

ಪರ್ತ್ ಸುತ್ತಲಿನ ನೈರುತ್ಯ ಭಾಗದ ಕಷ್ಟ ಬೇರೆ ತೆರನಾದದ್ದು. ಅಲ್ಲಿ ಚಳಿಗಾಲದ ಮಳೆ ವರ್ಷದಿಂದ ವರ್ಷಕ್ಕೆ ಅಷ್ಟೊಂದು ಏರುಪೇರಾಗದಿದ್ದರೂ, 1970ರಿಂದೀಚೆಗೆ ಸದ್ದಿಲ್ಲದೆ ಸವೆಯುತ್ತಾ ಬಂದಿದೆ. ಅಣೆಕಟ್ಟುಗಳನ್ನು ನೆಚ್ಚಲಾಗದೆ ಪರ್ತ್ ನಗರವು 2006ರಲ್ಲೇ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಹಾಕಿಕೊಂಡಿತು.

ಗೋಧಿಯನ್ನಷ್ಟೇ ನಂಬುವವರಿಗೆ ನೈರುತ್ಯವೇ ಲೇಸೆಂದು ನನಗನಿಸುತ್ತದೆ. ಮೂರು ವರ್ಷ ಆದಾಯವಿಲ್ಲದೆ ತಡೆದುಕೊಳ್ಳಬಲ್ಲವರು, ಸಕಾಲದಲ್ಲಿ ಕುರಿ ಮಾರಿ ಹಿಂಡನ್ನು ಕುಗ್ಗಿಸುವ ಗಟ್ಟಿ ಮನಸ್ಸಿನವರು ಮಾತ್ರ ಪೂರ್ವದ ಕಡೆ ನೋಡಬಹುದು.