ಮೂರು ಬಾಟಲಿ, ಒಂದೇ ಹೆಸರು: ಕೋಲಾರದ ಪ್ರೌಢಶಾಲೆಗಳ ಔಷಧಿ ತರಗತಿ ಹೇಗಿದೆ?

ಕೋಲಾರದ ಕಡೆ ಟೊಮೇಟೊಗೆ ಹೊಡೆಯುವುದೂ ಔಷಧಿ, ಹಸುವಿಗೆ ಕುಡಿಸುವುದೂ ಔಷಧಿ, ಮಗುವಿನ ಜ್ವರಕ್ಕೆ ಕೊಡುವುದೂ ಔಷಧಿ. ಎಷ್ಟೋ ಮನೆಗಳಲ್ಲಿ ಈ ಮೂರೂ ಒಂದೇ ಗೋಡೆಗೂಡಿನಲ್ಲಿ ಕೂತಿರುತ್ತವೆ. ಜಿಲ್ಲೆಯ ಪ್ರೌಢಶಾಲೆಗಳಿಗೆ ಬಂದು ಔಷಧಿ ಬಳಕೆ ಮತ್ತು ಮಾದಕ ವಸ್ತುಗಳ ಬಗ್ಗೆ ಪಾಠ ಮಾಡುವ ಫಾರ್ಮಸಿಸ್ಟರ ಒಂದು ತಂಡ ಶುರು ಮಾಡುವುದೇ ಈ ಗೂಡಿನಿಂದ. ಮೇಜಿನ ಮೇಲೆ ಮೂರು ಖಾಲಿ ಬಾಟಲಿ ಇಟ್ಟು "ಇದರಲ್ಲಿ ಔಷಧಿ ಯಾವುದು?" ಅಂತ ಕೇಳುತ್ತಾರೆ. ಮಕ್ಕಳು ಮೂರಕ್ಕೂ ಕೈ ಎತ್ತುತ್ತಾರೆ. ಗಾಂಜಾ ಗಿಡದ ಚಿತ್ರದಿಂದ ಶುರುವಾಗುವ ಜಾಗೃತಿ ಕಾರ್ಯಕ್ರಮಗಳಿಗಿಂತ ಇದು ಎಷ್ಟೋ ಮೇಲು. ಹದಿನಾಲ್ಕರ ಮಕ್ಕಳ ಕೈಗೆ ಮೊದಲು ಸಿಗುವುದು ಅಮ್ಮನ ಮಾತ್ರೆ ಡಬ್ಬಿ, ಗಾಂಜಾ ಅಲ್ಲ.

ವ್ಯವಸ್ಥೆ ಸರಳ. ಎಂಟರಿಂದ ಹತ್ತನೇ ತರಗತಿಗೆ, 40 ನಿಮಿಷದ ಮೂರು ಪಿರಿಯಡ್, ವಾರಕ್ಕೊಂದು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಜೆರಾಕ್ಸ್ ಖರ್ಚು ಮಾತ್ರ ಶಾಲೆಯದು. ತಂಡದವರು ಒಂದು ತಗಡಿನ ಪೆಟ್ಟಿಗೆ ತರುತ್ತಾರೆ: ಖಾಲಿ ಮಾತ್ರೆ ಪಟ್ಟಿಗಳು, ಸಿರಪ್‌ ಮುಚ್ಚಳಗಳು, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್, ಲೇಬಲ್ಲಿನ ದೊಡ್ಡ ಚಾರ್ಟು, ಪಾತ್ರಾಭಿನಯದ ಚೀಟಿಗಳು.

ಮೊದಲ ಪಿರಿಯಡ್ಡೇ ಇಡೀ ಕಾರ್ಯಕ್ರಮದ ತಿರುಳು. ಇಬ್ಬಿಬ್ಬರಿಗೆ ಒಂದೊಂದು ಖಾಲಿ ಪಟ್ಟಿ ಕೊಟ್ಟು ನಾಲ್ಕು ವಿಷಯ ಹುಡುಕಿಸುತ್ತಾರೆ: ಒಳಗಿರುವ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ, ಎಕ್ಸ್‌ಪೈರಿ, ಎಡಗಡೆ ಕೆಂಪು ಗೆರೆ ಇದೆಯೋ ಇಲ್ಲವೋ. ಕೆಂಪು ಗೆರೆಯಿದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಬರೆದಿದ್ದರೆ ಅದು ಸರ್ಕಾರ ಬಿಗಿ ನಿಯಮ ಹಾಕಿದ ಎಚ್1 ಎಂಬ ಯಾದಿಯ ಮದ್ದು; ಅದನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿಗೆ ಕೊಡುವ ಕೋಡೀನ್ ಈ ಯಾದಿಯಲ್ಲಿವೆ. ಲೇಬಲ್ ಎಲ್ಲ ಇಂಗ್ಲಿಷ್, ಮಕ್ಕಳು ಕನ್ನಡ ಮಾಧ್ಯಮ. ಅದಕ್ಕೆ ತಂಡ ಕಂಡುಕೊಂಡ ದಾರಿ ಚೆನ್ನಾಗಿದೆ: "ಪ್ಯಾರಾಸಿಟಮಾಲ್" ಎಂಬ ಪದವನ್ನು ಕಪ್ಪು ಹಲಗೆ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು, ಅದೇ ಆಕಾರ ಯಾರ ಪಟ್ಟಿಯಲ್ಲಿದೆ ಅಂತ ಹುಡುಕಿಸುತ್ತಾರೆ. ಡೋಲೋ ಹಿಡಿದವನೂ ಎದ್ದು ನಿಲ್ಲುತ್ತಾನೆ, ಕಾಂಬಿಫ್ಲಾಮ್ ಹಿಡಿದವಳೂ ನಿಲ್ಲುತ್ತಾಳೆ, ನೆಗಡಿ ಮಾತ್ರೆ ಹಿಡಿದವರೂ ನಿಲ್ಲುತ್ತಾರೆ. ಬೇರೆ ಬೇರೆ ಬಣ್ಣದ ಮೂರು ಪಟ್ಟಿಯೊಳಗೂ ಆ ಒಂದು ಮದ್ದು ಇದೆ ಅನ್ನೋದು ಆ ಕ್ಷಣದಲ್ಲಿ ಕಣ್ಣಿಗೆ ಕಾಣುತ್ತದೆ.

ಆಮೇಲೆ ಲೆಕ್ಕ. ಮಕ್ಕಳಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಬಿಟ್ಟು, ದಿನಕ್ಕೆ ಕಿಲೋಗೆ 60 ಮಿಲಿಗ್ರಾಂ ದಾಟದಂತೆ. 40 ಕಿಲೋ ಇರುವ ಒಂಬತ್ತನೇ ತರಗತಿ ಹುಡುಗನಿಗೆ ಒಂದು ಸಲಕ್ಕೆ ಹೆಚ್ಚೆಂದರೆ 600, ದಿನಕ್ಕೆ 2400. ಅಪ್ಪನ 650ರ ಮಾತ್ರೆ ನಾಲ್ಕು ನುಂಗಿದರೆ 2600, ಅಂದರೆ ಮಿತಿ ದಾಟಿತು. ಜೊತೆಗೆ 500 ಮಿಲಿಗ್ರಾಂ ಇರುವ ನೆಗಡಿ ಮಾತ್ರೆ ಮೂರು ಸೇರಿದರೆ 4100. ದೊಡ್ಡವರಿಗೇ ದಿನಕ್ಕೆ 4000 ಮೀರಬಾರದು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸುವುದು ಸರಿ. ಆದರೆ ಅತಿಯಾದರೆ ಏನಾಗುತ್ತದೆ ಎಂಬುದನ್ನು ಇನ್ನೂ ಬಿಡಿಸಿ ಹೇಳಬೇಕಿತ್ತು. ಮೊದಲ ದಿನ ಒಂದಿಷ್ಟು ವಾಕರಿಕೆ, ಕೆಲವರಿಗೆ ಅದೂ ಇಲ್ಲ. "ಏನೂ ಆಗಲಿಲ್ಲವಲ್ಲ" ಅಂದುಕೊಳ್ಳುವ ಹೊತ್ತಿಗೆ ಯಕೃತ್ತು ಕೆಡುತ್ತಿರುತ್ತದೆ, ಎರಡು ಮೂರು ದಿನಕ್ಕೆ ಗೊತ್ತಾಗುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದರೂ ಕೊಡುತ್ತಾರೆ. ಆದ್ದರಿಂದ ಹೆಚ್ಚು ನುಂಗಿದವರು ಚೆನ್ನಾಗಿ ಓಡಾಡಿಕೊಂಡಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆ ಫಲಿತಾಂಶದ ದಿನಗಳಲ್ಲಿ ಈ ಒಂದು ತಿಳಿವಳಿಕೆ ಜೀವ ಉಳಿಸಬಲ್ಲದು. ಮಕ್ಕಳ ಕರಪತ್ರದಲ್ಲಿ ಇದು ಇಲ್ಲ.

ಚಮಚದ ಪ್ರಯೋಗ ನೋಡುವಂಥದ್ದು. ಬಿಸಿಯೂಟದ ಅಡುಗೆಮನೆಯಿಂದ ಐದಾರು ಸ್ಟೀಲ್ ಚಮಚ ತರಿಸಿ, ಪ್ರತಿಯೊಂದರಲ್ಲೂ ಸಕ್ಕರೆ ಪಾಕ ತುಂಬಿ, ಸಿರಿಂಜಿನಲ್ಲಿ ಎಳೆದು ಅಳೆಯುತ್ತಾರೆ. ಒಂದು ಚಮಚದಲ್ಲಿ 3 ಮಿ.ಲೀ. ಹಿಡಿದರೆ ಇನ್ನೊಂದರಲ್ಲಿ 7. ಬಾಟಲಿ ಮೇಲೆ 5 ಮಿ.ಲೀ. ಅಂತ ಇದ್ದದ್ದು ಮನೆಯಲ್ಲಿ "ಒಂದು ಚಮಚ" ಆಗಿಬಿಟ್ಟರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಅಪ್ಪ ಅಮ್ಮ ಮಂಡಿಗೆ, ಕೂಲಿಗೆ ಹೋದ ಮೇಲೆ ತಮ್ಮ ತಂಗಿಯರಿಗೆ ಸಿರಪ್ ಕುಡಿಸುವುದು ಇದೇ ಮಕ್ಕಳು. ಎರಡು ವರ್ಷದೊಳಗಿನ ಕೂಸಿಗೆ ಕೆಮ್ಮಿನ ಸಿರಪ್ ಕೊಡಲೇಬಾರದು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಿದ್ದು ಒಳ್ಳೆಯದಾಯಿತು.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಮಾತ್ರೆಗೂ ಐದು ನಿಮಿಷ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟದ ನಂತರ, ನೀರಿನ ಜೊತೆ ನುಂಗಬೇಕು. ಬೆಳಗಿನ ಕ್ಷೀರಭಾಗ್ಯದ ಹಾಲಿನ ಜೊತೆ ಬೇಡ, ಟೀ ಕಾಫಿ ಜೊತೆಯೂ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಗಾಬರಿ ಬೇಡ. ಇದೆಲ್ಲ ಸರಿಯಾಗಿ ಹೇಳಿದರು. ಬಿಟ್ಟದ್ದು ಒಂದು: ನುಂಗದೆ ಜೇಬಿಗೆ ಹಾಕಿಕೊಂಡು ಹೋದ ಮಾತ್ರೆಗಳು ಮನೆಯಲ್ಲಿ ಮೂರು ವರ್ಷದ ಮಗುವಿನ ಕೈಗೆ ಸಿಕ್ಕರೆ, ಮಿಠಾಯಿ ಅಂತ ನಾಲ್ಕಾರು ತಿಂದುಬಿಟ್ಟರೆ, ಅದು ಪ್ರಾಣಕ್ಕೇ ಬರುವ ವಿಷ. ಇದನ್ನು ಸೇರಿಸಲೇಬೇಕು.

ಎರಡನೇ ವಾರ ಗೂಡಿನ ಚಿತ್ರ. ಮಕ್ಕಳು ತಮ್ಮ ಮನೆಯಲ್ಲಿ ಏನೇನು ಎಲ್ಲೆಲ್ಲಿದೆ ಅಂತ ಬರೆದು ತರುತ್ತಾರೆ. ಒಲೆ ಪಕ್ಕದ ಶೆಲ್ಫು, ಟಿವಿ ಮೇಲೆ, ಹಟ್ಟಿಯ ಸಂದು. ತಂಪು ಪಾನೀಯದ ಬಾಟಲಿಯಲ್ಲಿ ಉಳಿಸಿಟ್ಟ ಹೊಲದ ಔಷಧಿ. ರೇಷ್ಮೆ ಮನೆಯವರಲ್ಲಿ ಸೋಂಕು ಕಳೆಯುವ ಫಾರ್ಮಲಿನ್, ಬ್ಲೀಚಿಂಗ್ ಪೌಡರ್. ಕೀಟನಾಶಕದ ಬಾಟಲಿ ಮೇಲಿನ ವಜ್ರಾಕಾರದ ಗುರುತನ್ನು ತೋರಿಸಿ ಕೆಂಪು, ಹಳದಿ, ನೀಲಿ, ಹಸಿರು ಎಂಬ ವಿಷದ ಇಳಿಕೆಯ ಕ್ರಮ ಹೇಳಿಕೊಡುವುದು ಈ ಜಿಲ್ಲೆಗೆ ಹೇಳಿ ಮಾಡಿಸಿದ ಪಾಠ. ಆದರೆ ತೊಳೆದದ್ದೇ ಆದರೂ ನಿಜವಾದ ಕೀಟನಾಶಕದ ಖಾಲಿ ಬಾಟಲಿಯನ್ನು ತರಗತಿಗೆ ತಂದು ಕೈಯಿಂದ ಕೈಗೆ ದಾಟಿಸುವುದು ತಪ್ಪು. ಪ್ಲಾಸ್ಟಿಕ್ಕು ವಿಷ ಹೀರಿಕೊಂಡಿರುತ್ತದೆ. ಇಂಥ ಬಾಟಲಿ ಮರುಬಳಕೆ ಬೇಡ ಅನ್ನುವ ಪಾಠದಲ್ಲೇ ಮರುಬಳಕೆ ನಡೆದಂತಾಯಿತು. ಲೇಬಲ್ಲಿನ ಬಣ್ಣದ ಪ್ರಿಂಟು ಸಾಕು.

ಯಾರಾದರೂ ಕುಡಿದುಬಿಟ್ಟರೆ ಏನು ಮಾಡಬೇಕು ಎಂಬ ಭಾಗ ಅತ್ಯುತ್ತಮ. ನಮ್ಮ ಹಳ್ಳಿಗಳಲ್ಲಿ ಮೊದಲು ಮಾಡುವುದೇ ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸುವುದು. ಬೇಡವೇ ಬೇಡ. ಎಚ್ಚರ ತಪ್ಪುತ್ತಿರುವವರ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಉಪ್ಪು ಅತಿಯಾದರೆ ಅದೇ ಇನ್ನೊಂದು ವಿಷ. ಮಾಡಬೇಕಾದದ್ದು: 108ಕ್ಕೆ ಫೋನ್, ಎಚ್ಚರ ತಪ್ಪಿದ್ದರೆ ಎಡ ಮಗ್ಗುಲಿಗೆ ಮಲಗಿಸುವುದು, ಹೊಲದ ಔಷಧಿ ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸೋಪು ಹಾಕಿ ತೊಳೆಯುವುದು, ಬಾಟಲಿಯನ್ನೋ ಮಾತ್ರೆ ಪಟ್ಟಿಯನ್ನೋ ಕವರಿನಲ್ಲಿ ಹಾಕಿಕೊಂಡು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಒಯ್ಯುವುದು. ಏನು ಕುಡಿದರು ಎಂದು ಗೊತ್ತಾದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಮಗ್ಗುಲು ಮಲಗಿಸುವುದನ್ನು ಬೆಂಚಿನ ಮೇಲೆ ಒಬ್ಬ ಹುಡುಗನನ್ನು ಮಲಗಿಸಿ ತೋರಿಸುತ್ತಾರೆ: ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ, ಕೈ ಕೆನ್ನೆಯ ಕೆಳಗೆ, ಬಾಯಿ ನೆಲದ ಕಡೆ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಮಾತಾಡಲು ತಂಡದಲ್ಲಿ ಒಬ್ಬ ಮೇಡಂ ಇದ್ದಾರೆ. ಮುಟ್ಟಿನ ನೋವಿಗೆ ಗೆಳತಿ ಕೊಟ್ಟ ಮೆಫೆನಾಮಿಕ್ ಆಮ್ಲದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಮೈಮೇಲೆ ದದ್ದು, ಜ್ವರ, ಗಂಟಲಲ್ಲಿ ಗ್ರಂಥಿ ಊತ ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಈ ಮದ್ದಿನ ಬಗ್ಗೆ, ಮದ್ದುಗಳ ಗುಣಮಟ್ಟ ನೋಡಿಕೊಳ್ಳುವ ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಬೆಳ್ಳಗಾಗಲು ಹಚ್ಚುವ ಸ್ಟೆರಾಯ್ಡ್ ಕ್ರೀಮಿನ ವಿಷಯವನ್ನೂ ಅವರು ತೆಗೆಯುತ್ತಾರೆ. ಮೊದಲ ಎರಡು ವಾರ ಮುಖ ಹೊಳೆಯುತ್ತದೆ, ಬಿಟ್ಟರೆ ಉರಿ, ಕೆಂಪು, ಮೊಡವೆ; ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ ಕೂದಲು ಬೆಳೆಯುತ್ತದೆ. 2018ರಿಂದ ಇಂಥ ಕ್ರೀಮುಗಳಿಗೂ ಚೀಟಿ ಬೇಕು. ಇದನ್ನು ಗಂಡುಹುಡುಗರಿಗೆ ಹೇಳುವುದೇ ಇಲ್ಲ. ಅವರೂ ಹಚ್ಚುತ್ತಾರೆ.

ಮೂರನೇ ಪಿರಿಯಡ್ ನಿರಾಸೆ ತಂದಿತು. ಎರಡು ವಾರ ಮಕ್ಕಳ ಜೊತೆ ಕೂತು ಮಾತಾಡಿದ ತಂಡ ಇಲ್ಲಿ ಎದ್ದು ನಿಂತು ಭಾಷಣ ಮಾಡುತ್ತದೆ. ಪ್ರೊಜೆಕ್ಟರಿನಲ್ಲಿ ಕೊಳೆತ ಹಲ್ಲು, ಸೂಜಿ ಚುಚ್ಚಿದ ತೋಳು, ಆಮೇಲೆ ವ್ಯಸನದಿಂದ ಹೊರಬಂದವರೊಬ್ಬರ ವಿಡಿಯೋ. ಹೆದರಿಸುವುದು, ಬರೀ ಉಪನ್ಯಾಸ, ಮಾಜಿ ವ್ಯಸನಿಗಳ ಅನುಭವ ಕಥನ, ಇವು ಮಕ್ಕಳನ್ನು ತಡೆಯುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರ ತಮ್ಮ ಮಾನದಂಡಗಳಲ್ಲಿ ಸ್ಪಷ್ಟವಾಗಿ ಹೇಳಿವೆ. ಕಾರಣವೂ ಸರಳ. ಬೀದಿಯಲ್ಲಿ ಸೇದುವ ಅಣ್ಣನ ಹಲ್ಲು ಚೆನ್ನಾಗೇ ಇರುತ್ತದೆ. ಚಿತ್ರ ಸುಳ್ಳು ಅಂತ ಹುಡುಗ ತೀರ್ಮಾನಿಸಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಹೇಳಬೇಕಾದ್ದು ಬೇರೆ ಇದೆ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ತಾಳ್ಮೆ, ವಿವೇಚನೆಯ ಭಾಗ ಕೊನೆಗೆ ಬಲಿಯುತ್ತದೆ. ಅದಕ್ಕೇ ಹದಿನೈದಕ್ಕೆ ಶುರು ಮಾಡಿದವರಿಗೆ ಚಟ ಬೇಗ ಅಂಟುತ್ತದೆ. ವೈಟ್ನರ್ ತಿನ್ನರ್, ಪಂಕ್ಚರ್ ಸಲ್ಯೂಷನ್ ಮೂಸಿದರೆ ಹೃದಯದ ಬಡಿತ ತಪ್ಪಿ ಮೊದಲ ಸಲವೇ ಸಾವು ಬರಬಹುದು. ಟ್ರಮಡಾಲ್‌ನಂಥ ನೋವಿನ ಮಾತ್ರೆ ಅತಿಯಾದರೆ ಉಸಿರು ನಿಧಾನವಾಗುತ್ತಾ ಹೋಗುತ್ತದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ನೀಲಿಗಟ್ಟುತ್ತದೆ. "ನಶೆಯಲ್ಲಿ ಮಲಗಿದ್ದಾನೆ, ಬಿಡು" ಅಂತ ಗೆಳೆಯರು ಬಿಟ್ಟುಹೋಗುವುದು ಆಗಲೇ. ಕಾನೂನಿನ ವಿಷಯದಲ್ಲಿ ಕರಪತ್ರ ಹಳತು: ತಂಬಾಕು ಮಾರಾಟಕ್ಕೆ 18 ವರ್ಷ ಅಂತಲೇ ಇದೆ, ಕರ್ನಾಟಕದಲ್ಲಿ 2025ರಿಂದ ಅದು 21. ಇ-ಸಿಗರೇಟು 2019ರಿಂದ ದೇಶದಲ್ಲೇ ನಿಷಿದ್ಧ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ. ಇವಕ್ಕಿಂತ ಮುಖ್ಯವಾದದ್ದು ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಹೋಗಿ ಪೂರ್ತಿ ಮುಗಿಸಿದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. "ಹೇಳಿದರೆ ಪೊಲೀಸು" ಎಂಬ ಭಯದಲ್ಲಿ ಬಾಯಿ ಮುಚ್ಚಿಕೊಂಡ ಮಗುವಿಗೂ ಮನೆಯವರಿಗೂ ಇದು ಗೊತ್ತಾಗಬೇಕು.

ಬೇಡ ಅನ್ನುವ ಅಭ್ಯಾಸಕ್ಕೆ ಕೊನೆಯ ಆರು ನಿಮಿಷ ಮಾತ್ರ ಉಳಿಯಿತು. ಆ ಆರು ನಿಮಿಷವೇ ಮೂರನೇ ಪಿರಿಯಡ್ಡಿನ ಒಳ್ಳೆಯ ಭಾಗ. ಪಾತ್ರಾಭಿನಯದ ಚೀಟಿಯಲ್ಲಿದ್ದದ್ದು "ಲೇ ಮಗಾ, ಒಂದೇ ಸಲ ಕಣೋ." ಒಬ್ಬ ಹುಡುಗ ಕೊಟ್ಟ ಉತ್ತರ: "ಬೇಡ ಕಣೋ, ಡೈರಿಗೆ ಹಾಲು ಹಾಕ್ಬೇಕು, ಲೇಟಾದ್ರೆ ನಮ್ಮಪ್ಪ ಹುಡ್ಕೊಂಡ್ ಬರ್ತಾನೆ." ಚಿಕ್ಕ ಕಾರಣ, ನಿಜವಾದ ಕಾರಣ, ಹೇಳಿ ಅಲ್ಲಿಂದ ಹೊರಟುಬಿಡುವುದು. ಮಕ್ಕಳಿಗೆ ಬೇಕಾದ ಕೌಶಲ ಇದೇ. ಪ್ರತಿಯೊಬ್ಬರೂ ಎರಡು ಸಲವಾದರೂ ಬಾಯಿಬಿಟ್ಟು ಹೇಳುವಷ್ಟು ಹೊತ್ತು ಕೊಡಬೇಕು, ಅಂದರೆ 40 ಮಕ್ಕಳ ತರಗತಿಯಲ್ಲಿ ನಾಲ್ಕು ಗುಂಪು ಮಾಡಿ 25 ನಿಮಿಷ. ಪ್ರೊಜೆಕ್ಟರ್ ಬಿಟ್ಟರೆ ಅಷ್ಟು ಹೊತ್ತು ತಾನಾಗಿ ಸಿಗುತ್ತದೆ.

ಭಾಷೆಯ ಕೊರತೆಯೂ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಪಟ್ಟಣಗಳಲ್ಲಿ ಉರ್ದು. ತಂಡದವರು ಬಾಯಿಮಾತಿನಲ್ಲಿ ತೆಲುಗು ಬೆರೆಸುತ್ತಾರೆ, ಆದರೆ ಮನೆಗೆ ಕಳಿಸುವ ಕರಪತ್ರ ಕನ್ನಡದ್ದು ಮಾತ್ರ. ಗೂಡು ಬದಲಾಗಬೇಕಾದದ್ದು ಮನೆಯಲ್ಲಿ. ಓದು ಬಾರದ ಅಜ್ಜಿಗೂ ಅರ್ಥವಾಗುವ ಚಿತ್ರದ ಹಾಳೆ ಬೇಕು.

ತಂಡವನ್ನು ಕರೆಸಬೇಕೇ? ಖಂಡಿತ ಕರೆಸಿ. ಮೊದಲೆರಡು ಪಿರಿಯಡ್ಡಿನ ಮಟ್ಟದ ಪಾಠ ಪಠ್ಯಪುಸ್ತಕದಲ್ಲಿಲ್ಲ. ಕರೆಸುವ ಮುಖ್ಯ ಶಿಕ್ಷಕರು ಮೊದಲೇ ಕೆಲವು ಮಾತು ಆಡಿಕೊಳ್ಳಲಿ. ತರಗತಿಗಳನ್ನು ಸೇರಿಸಿ ಸಭಾಂಗಣದಲ್ಲಿ 150 ಮಕ್ಕಳನ್ನು ಕೂರಿಸಬೇಡಿ, ಪಟ್ಟಿ ಹಿಡಿದು ಓದುವ ಪಾಠ ಅಲ್ಲಿ ನಡೆಯುವುದಿಲ್ಲ. ಖಾಲಿ ಪಟ್ಟಿಗಳನ್ನು ತರಗತಿ ಮುಗಿದ ಮೇಲೆ ಎಣಿಸಿ ವಾಪಸ್ ತೆಗೆದುಕೊಳ್ಳಿ. ಮಕ್ಕಳು ಮನೆಯಿಂದ ಮಾತ್ರೆ ತರಬಾರದು ಎಂದು ಹಿಂದಿನ ದಿನವೇ ಹೇಳಿ. ಕಪ್ಪು ಹಲಗೆ ಮೇಲೆ ನಾಲ್ಕು ನಂಬರ್ ಬರೆಸಿ, ವಾರವಿಡೀ ಅಳಿಸದಿರಿ: ತುರ್ತಿಗೆ 108, ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416, ವ್ಯಸನಮುಕ್ತಿಗೆ 14446, ಮಕ್ಕಳ ಸಹಾಯವಾಣಿ 1098. ಮೂರನೇ ಪಿರಿಯಡ್ ಮುಗಿದ ಕೂಡಲೇ ತಂಡ ಜೀಪು ಹತ್ತಿ ಹೋಗದಂತೆ ನೋಡಿಕೊಳ್ಳಿ. ಒಂದು ಕೊಠಡಿ ಖಾಲಿ ಬಿಟ್ಟು, ಮಕ್ಕಳು ಸಲೀಸಾಗಿ ಮಾತಾಡುವ ಒಬ್ಬ ಶಿಕ್ಷಕರನ್ನು ಜೊತೆಗಿಟ್ಟು, ಒಂದು ಗಂಟೆ ಅಲ್ಲೇ ಕೂರಿಸಿ. "ಸಾರ್, ನಮ್ಮಣ್ಣನ ಹತ್ರ ಒಂದು ಪಟ್ಟಿ ಇದೆ, ಅದರ ಮೇಲೆ ಕೆಂಪು ಗೆರೆ ಇದೆ" ಅಂತ ಹೇಳಲು ಬರುವ ಮಗು ಎಲ್ಲರೂ ಹೋದ ಮೇಲೆಯೇ ಬರುತ್ತದೆ.