ಸುರತ್ಕಲ್–ಉಡುಪಿ ದಿನದ ಓಡಾಟಕ್ಕೆ ಫೇರಿಂಗಾ, ವಿಂಡ್‌ಶೀಲ್ಡಾ? ಎರಡನ್ನೂ ಹಾಕಿ ನೋಡಿದೆ

ನನ್ನ ಮನೆ ಸುರತ್ಕಲ್‌ನಲ್ಲಿ. ಕೆಲಸ ಉಡುಪಿಯ ಒಂದು ಸಹಕಾರಿ ಸಂಘದಲ್ಲಿ. ಹೆದ್ದಾರಿ 66ರಲ್ಲಿ ಹೋಗುವಾಗ ಸುಮಾರು 40 ಕಿಲೋಮೀಟರ್, ಬರುವಾಗ ಇನ್ನೊಂದು 40. ಬೈಕು 2021ರಲ್ಲಿ ತೆಗೆದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಫೈರ್‌ಬಾಲ್. ಅದೇ ಬೈಕಿನ ಸೂಪರ್‌ನೋವಾ ಮಾದರಿಗೆ ಕಂಪನಿಯೇ ಮುಂದೆ ಗಾಳಿ ತಡೆಯುವ ಗ್ಲಾಸ್, ಅಂದರೆ ವಿಂಡ್‌ಶೀಲ್ಡ್, ಕೊಡುತ್ತಿತ್ತು. ಫೈರ್‌ಬಾಲ್‌ಗೆ ಇರಲಿಲ್ಲ. ತೆಗೆಯುವಾಗ ಅದು ದೊಡ್ಡ ವಿಷಯ ಅಂತ ಅನಿಸಲಿಲ್ಲ. ಎರಡು ವರ್ಷ ಓಡಿಸಿದ ಮೇಲೆ ಕುತ್ತಿಗೆ ನೋಯಲು ಶುರುವಾಯಿತು. ಸಂಜೆ ಮನೆಗೆ ಬಂದು ಹೆಲ್ಮೆಟ್ ತೆಗೆದರೆ ತಲೆ ತಿರುಗಿಸಲು ಆಗುತ್ತಿರಲಿಲ್ಲ.

ಕ್ರೂಸರ್ ಓಡಿಸುವವರಿಗೆ ಇದು ಗೊತ್ತಿರುತ್ತದೆ. ಕಾಲು ಮುಂದೆ, ಬೆನ್ನು ನೇರ, ಎದೆ ಪೂರ್ತಿ ಗಾಳಿಗೆ ಎದುರು. ಮುಂದೆ ಬಾಗಿ ಕೂರುವ ಬೈಕಿನಲ್ಲಿ ಗಾಳಿ ಎದೆಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಇಲ್ಲಿ ಅದು ಹಿಂದಕ್ಕೆ ನೂಕುತ್ತದೆ. ನಾವು ಹ್ಯಾಂಡಲ್ ಹಿಡಿದು ಜಗ್ಗಿಕೊಂಡೇ ಕೂರಬೇಕು. ಗಾಳಿಯ ಹೊಡೆತ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕ ಹಾಗೆ ಏರುತ್ತದೆ. 50ರಲ್ಲಿ ಹೋಗುವವನು 80ಕ್ಕೆ ಏರಿಸಿದರೆ ಎದೆಗೆ ಬೀಳುವ ಹೊಡೆತ ಎರಡೂವರೆ ಪಟ್ಟು ಆಗುತ್ತದೆ. ಪಡುಬಿದ್ರಿ ದಾಟಿ ಕಾಪು ತನಕ ಖಾಲಿ ರಸ್ತೆ ಸಿಕ್ಕಿದಾಗೆಲ್ಲ ನನ್ನ ಕುತ್ತಿಗೆ ಆ ಲೆಕ್ಕ ಕೊಡುತ್ತಿತ್ತು.

ಮೊದಲು ಹಾಕಿಸಿದ್ದು ಫೇರಿಂಗ್, ಅಂದರೆ ಗಾಳಿ ತಡೆಯಲು ಹೆಡ್‌ಲೈಟಿನ ಸುತ್ತ ಕೂರಿಸುವ ಗಟ್ಟಿ ಹೊದಿಕೆ. ಅದಕ್ಕೆ ಕಾರಣ ನನ್ನ ಭಾವ. ಅವರು ಕುಂದಾಪುರದವರು, ಸೂಪರ್ ಮೀಟಿಯರ್ 650 ಇಟ್ಟುಕೊಂಡಿದ್ದಾರೆ. ಅದಕ್ಕೆ ಬಾವಲಿ ರೆಕ್ಕೆಯ ಹಾಗೆ ಎರಡೂ ಕಡೆ ಚಾಚಿಕೊಂಡ ಫೇರಿಂಗ್ ಉಂಟು. ಹಾರ್ಲೆ ಕಂಪನಿ ತನ್ನ ಎಲೆಕ್ಟ್ರಾ ಗ್ಲೈಡ್‌ಗೆ 1969ರಲ್ಲಿ ಕೊಟ್ಟ ಆಕಾರ ಅದು. ಈಗ ಎಲ್ಲ ಕ್ರೂಸರಿಗೂ ಅದರ ನಕಲು ಸಿಗುತ್ತದೆ. "ನೀನು ಒಮ್ಮೆ ಹಾಕಿ ನೋಡು ಮಾರಾಯ, ಮತ್ತೆ ತೆಗೆಯುವುದಿಲ್ಲ" ಅಂದರು. ಮಂಗಳೂರಿನ ಒಂದು ಅಂಗಡಿಯಲ್ಲಿ ಫೈಬರ್‌ನದ್ದು ತರಿಸಿ ಹಾಕಿಸಿದೆ. ಎರಡು ತಿಂಗಳು ಓಡಿಸಿದೆ.

ಅದರ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಎದೆಗೆ, ಭುಜಕ್ಕೆ, ಕೈಬೆರಳಿಗೆ ಗಾಳಿಯೇ ಇಲ್ಲ. ಬೆಳಗ್ಗೆ ಉದ್ಯಾವರ ಸೇತುವೆ ಮೇಲಿನ ಚಳಿಗಾಳಿ ಗೊತ್ತೇ ಆಗುತ್ತಿರಲಿಲ್ಲ. ಒಳಗೆ ಎರಡು ಸಣ್ಣ ಗೂಡು, ಮೊಬೈಲ್ ಮತ್ತು ಕನ್ನಡಕದ ಪೆಟ್ಟಿಗೆ ಇಡಲು ಜಾಗ. ನೋಡಲು ಬೈಕಿಗೆ ಒಂದು ಗತ್ತು ಬಂತು. ಕಟಪಾಡಿ ಜಂಕ್ಷನ್‌ನಲ್ಲಿ ಶಾಲೆ ಮಕ್ಕಳು ತಿರುಗಿ ನೋಡುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು.

ಮರವಂತೆಯಲ್ಲಿ ನನ್ನ ಮನಸ್ಸು ಬದಲಾಯಿತು.

ಒಂದು ಭಾನುವಾರ ಮಧ್ಯಾಹ್ನ ಬೈಂದೂರಿಗೆ ಹೊರಟಿದ್ದೆವು, ಹಿಂದೆ ಹೆಂಡತಿ. ಮರವಂತೆಯಲ್ಲಿ ಎಡಗಡೆ ಕಡಲು, ಬಲಗಡೆ ಸೌಪರ್ಣಿಕಾ, ನಡುವೆ ರಸ್ತೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಅಲ್ಲಿ ನೇರ ಅಡ್ಡ ಹೊಡೆಯುತ್ತದೆ, ತಡೆಯಲು ಒಂದು ಮರವೂ ಇಲ್ಲ. ಗಾಳಿ ಬೈಕನ್ನು ನೂಕಿದ್ದರೆ ಸಹಿಸಬಹುದಿತ್ತು. ಅದು ಹ್ಯಾಂಡಲನ್ನೇ ತಿರುಗಿಸುತ್ತಿತ್ತು. 70ರಲ್ಲಿದ್ದವನು 45ಕ್ಕೆ ಇಳಿಸಿದೆ. ಹೆಂಡತಿ ನನ್ನ ಸೊಂಟ ಗಟ್ಟಿ ಹಿಡಿದದ್ದು ಬೈಂದೂರು ತನಕ ಬಿಡಲಿಲ್ಲ.

ಯಾಕೆ ಹೀಗೆ ಅಂತ ಆಮೇಲೆ ಕೂತು ಯೋಚಿಸಿದೆ. ನಾನು ಹಾಕಿಸಿದ ಫೇರಿಂಗ್ ಕೂತಿರುವುದು ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲೆ. ಹ್ಯಾಂಡಲ್ ತಿರುಗಿದರೆ ಅದೂ ತಿರುಗುತ್ತದೆ. ಅಂದರೆ ಅದರ ಮೇಲೆ ಬಿದ್ದ ಗಾಳಿ ಸೀದಾ ಹ್ಯಾಂಡಲಿಗೆ ಹೋಗುತ್ತದೆ. ಹಾರ್ಲೆಯ ರೋಡ್ ಗ್ಲೈಡ್‌ನಲ್ಲಿ ಫೇರಿಂಗ್ ಇರುವುದು ಬೈಕಿನ ಚಾಸಿಗೆ, ಹ್ಯಾಂಡಲ್ ತಿರುಗಿದರೂ ಅದು ಅಲುಗುವುದಿಲ್ಲ. ಅಡ್ಡಗಾಳಿಯಲ್ಲಿ ಆ ಜೋಡಣೆ ತುಂಬಾ ಒಳ್ಳೆಯದು. ಆದರೆ ನಮ್ಮ ಕ್ರೂಸರಿಗೆ ಅಂಗಡಿಯಲ್ಲಿ ನನಗೆ ಸಿಕ್ಕಿದ್ದೆಲ್ಲ ಫೋರ್ಕಿಗೆ ಕಟ್ಟುವಂಥದ್ದೇ. ತೂಕವೂ ಅಲ್ಲೇ ಬೀಳುತ್ತದೆ. ಕಳಚಿದ ಮೇಲೆ ಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಬ್ರಾಕೆಟ್ ಸೇರಿ 5 ಕಿಲೋ 400 ಗ್ರಾಂ. ಭಾವನ ಬೈಕು 241 ಕಿಲೋ, ನನ್ನದು 191. ಅವರಿಗೆ ಸರಿಹೋದದ್ದು ನನಗೆ ಹೋಗಬೇಕು ಅಂತ ಏನೂ ಇಲ್ಲ, ಅಲ್ವಾ?

ಇನ್ನೂ ಕೆಲವು ತೊಂದರೆ ಇತ್ತು. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಕ್ಲಚ್ ಕೇಬಲ್ ಫೇರಿಂಗಿನ ಅಂಚಿಗೆ ಉಜ್ಜುತ್ತಿತ್ತು. ಇದನ್ನು ಅಂಗಡಿಯಲ್ಲೇ ಎರಡೂ ಕಡೆ ತಿರುಗಿಸಿ ನೋಡಿಕೊಳ್ಳಿ, ಬ್ರೇಕಿನ ಹೋಸು ಕೂಡ. ಬ್ರಾಕೆಟ್ಟಿನ ಬೋಲ್ಟುಗಳು ಎರಡೇ ತಿಂಗಳಲ್ಲಿ ಕೆಂಪಾದವು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸಾದಾ ಕಬ್ಬಿಣ ನಿಲ್ಲುವುದಿಲ್ಲ. ಮಾರ್ಚ್ ಬಂದಾಗ ಸೆಖೆ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ, ಪಂಪ್‌ವೆಲ್‌ನಲ್ಲಿ ಗಾಡಿಗಳ ಮಧ್ಯೆ ತೆವಳುವಾಗ ಬರುವ ಸ್ವಲ್ಪ ಗಾಳಿಯನ್ನೂ ಅದು ತಡೆಯುತ್ತಿತ್ತು. ಅಂಗಿ ಮೈಗೆ ಅಂಟಿಕೊಳ್ಳುತ್ತಿತ್ತು. ಕಳಚಿಡೋಣ ಅಂದರೆ ಗ್ಯಾರೇಜಿಗೆ ಹೋಗಿ ಒಂದು ಗಂಟೆ ಕೂರಬೇಕು.

ಏಪ್ರಿಲ್‌ನಲ್ಲಿ ಅದನ್ನು ಮಾರಿ ವಿಂಡ್‌ಶೀಲ್ಡ್ ತಂದೆ. ಪಾಲಿಕಾರ್ಬೊನೇಟ್‌ನದ್ದು, ಫೋರ್ಕಿಗೆ ನಾಲ್ಕು ಕ್ಲಾಂಪ್, ಕೈಯಲ್ಲೇ ತಿರುಗಿಸುವ ಸ್ಕ್ರೂ. ತೂಕ 1 ಕಿಲೋ 900 ಗ್ರಾಂ. ಇದೂ ಫೋರ್ಕಿನ ಮೇಲೇ ಕೂರುತ್ತದೆ, ಅಡ್ಡಗಾಳಿ ಇದಕ್ಕೂ ತಾಗುತ್ತದೆ. ಆದರೆ ಬದಿಗೆ ಚಾಚಿದ ರೆಕ್ಕೆ ಇಲ್ಲದ್ದರಿಂದ ಹ್ಯಾಂಡಲ್ ಎಳೆಯುವುದು ತುಂಬಾ ಕಡಿಮೆ. ಆಮೇಲೆ ಮರವಂತೆಯಲ್ಲಿ ಮೂರು ಸಲ ಹೋಗಿದ್ದೇನೆ, 60ರಲ್ಲಿ ನೆಮ್ಮದಿಯಾಗಿ ದಾಟಿದೆವು.

ಹಾಗಂತ ಮೊದಲ ದಿನವೇ ಸುಖ ಸಿಗಲಿಲ್ಲ. ಎದೆಗೆ ಗಾಳಿ ನಿಂತಿತು, ತಲೆಗೆ ಜಾಸ್ತಿಯಾಯಿತು! ಹೆಲ್ಮೆಟ್ ಗಡಗಡ ಅಲುಗುತ್ತಿತ್ತು. ಹೆಂಡತಿ "ಹಿಂದಿನಿಂದ ಯಾರೋ ನನ್ನ ಹೆಲ್ಮೆಟ್ ಹಿಡಿದು ಅಲುಗಾಡಿಸಿದ ಹಾಗೆ ಆಗ್ತದೆ" ಅಂದಳು. ಹೆಚ್ಚಿನವರು ಇಲ್ಲೇ ಬೇಜಾರಾಗಿ ಕಳಚಿ ಅಟ್ಟಕ್ಕೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ಲಾಸಿನ ಮೇಲಂಚು ದಾಟಿದ ಗಾಳಿ ಅಲ್ಲಿ ಸುಳಿ ಹೊಡೆಯುತ್ತದೆ. ಆ ಸುಳಿ ನಿಮ್ಮ ತಲೆಗೇ ತಾಗುವ ಎತ್ತರದಲ್ಲಿದ್ದರೆ ಈ ಗಡಗಡ. ತಿಳಿಯುವುದು ಸುಲಭ. ಖಾಲಿ ರಸ್ತೆಯಲ್ಲಿ 60ರಲ್ಲಿ ಹೋಗುವಾಗ ಬೆನ್ನು ಸ್ವಲ್ಪ ಕುಗ್ಗಿಸಿ, ಮತ್ತೆ ಸ್ವಲ್ಪ ಎತ್ತರಿಸಿ ಕೂರಿ. ಎತ್ತರಿಸಿದಾಗ ಸದ್ದು ನಿಂತರೆ ಗ್ಲಾಸು ತಗ್ಗಬೇಕು. ಕುಗ್ಗಿಸಿದಾಗ ನಿಂತರೆ ಏರಬೇಕು.

ನನಗೆ ತಗ್ಗಬೇಕಿತ್ತು. ಎಷ್ಟು ಅಂತ ಹೀಗೆ ಅಳೆದೆ. ಅಂಗಳದಲ್ಲಿ ಬೈಕನ್ನು ನೇರ ನಿಲ್ಲಿಸಿ, ದಿನಾ ಕೂರುವ ಹಾಗೆ ಕೂತೆ, ಹೆಲ್ಮೆಟ್ ಹಾಕಿಕೊಂಡೇ. ಗ್ಲಾಸಿಗೆ ಟೇಪ್ ಅಂಟಿಸಿ, 20 ಮೀಟರ್ ಮುಂದೆ ನೆಲ ಎಲ್ಲಿ ಕಾಣುತ್ತದೆ ಅಂತ ಮಗ ಗುರುತು ಮಾಡಿದ. ಮೇಲಂಚು ಮೂಗಿನ ಮಟ್ಟಕ್ಕೆ ಬರಬೇಕು, ಕಣ್ಣಿನ ಮಟ್ಟಕ್ಕಲ್ಲ. ನನ್ನದು ನಾಲ್ಕು ಸೆಂಟಿಮೀಟರ್ ಎತ್ತರ ಇತ್ತು. ನಾಮಫಲಕ ಮಾಡುವ ಅಂಗಡಿಯಲ್ಲಿ ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿಕೊಟ್ಟರು. ಪಾಲಿಕಾರ್ಬೊನೇಟ್ ಆದ್ದರಿಂದ ಬಿರುಕು ಬಿಡಲಿಲ್ಲ. ಆಕ್ರಿಲಿಕ್ ಆಗಿದ್ದರೆ ನಾನು ಆ ಧೈರ್ಯ ಮಾಡುತ್ತಿರಲಿಲ್ಲ, ಅದು ಚೂರಾಗುವ ಜಾತಿ. ಹೆಡ್‌ಲೈಟಿನ ಹತ್ತಿರ ಗ್ಲಾಸಿನ ಕೆಳಗೆ ಎರಡು ಬೆರಳು ಸಂದು ಬಿಟ್ಟೆ. ಕೆಳಗಿನಿಂದ ಸ್ವಲ್ಪ ಗಾಳಿ ಒಳಗೆ ಬಂದರೆ ಹಿಂದಿನ ಸುಳಿ ತಣಿಯುತ್ತದೆ. ಮಾರನೆಯ ದಿನ ಮುಲ್ಕಿ ಸೇತುವೆ ಮೇಲೆ 75ರಲ್ಲಿ ಹೋಗುವಾಗ ನನ್ನ ಎಂಜಿನಿನ ಸದ್ದು ನನಗೆ ಕೇಳಿತು. ಎರಡು ವರ್ಷದಲ್ಲಿ ಆ ವೇಗದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಮೂಗಿನ ಮಟ್ಟ ಅಂತ ಒತ್ತಿ ಹೇಳುವುದಕ್ಕೆ ನಮ್ಮ ಊರಿನ ಮಳೆಯೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸುರಿಯುವುದು ನಿಮಗೆ ಗೊತ್ತಿದೆ. ಬೈಕಿನ ಗ್ಲಾಸಿಗೆ ವೈಪರ್ ಇಲ್ಲ. ರಾತ್ರಿ ಎದುರಿನ ಲಾರಿಯ ಲೈಟು ಒದ್ದೆ ಗ್ಲಾಸಿಗೆ ಬಿದ್ದರೆ ಒಂದೊಂದು ಹನಿಯೂ ಒಂದೊಂದು ದೀಪ ಆಗುತ್ತದೆ, ರಸ್ತೆ ಕಾಣುವುದೇ ಇಲ್ಲ. ಗ್ಲಾಸಿನ ಮೂಲಕ ಅಲ್ಲ, ಗ್ಲಾಸಿನ ಮೇಲಿಂದ ನೋಡುವ ಹಾಗಿರಬೇಕು. ಜುಲೈಯಲ್ಲಿ ಒಂದು ರಾತ್ರಿ ಹೆಜಮಾಡಿ ಹತ್ತಿರ ಸಿಕ್ಕಿದ ಮಳೆಯಲ್ಲಿ ನನ್ನನ್ನು ಮನೆಗೆ ಮುಟ್ಟಿಸಿದ್ದು ಆ ಕತ್ತರಿಸಿದ ನಾಲ್ಕು ಸೆಂಟಿಮೀಟರ್. ಮಳೆಯಲ್ಲಿ ಕೈ ಮಾತ್ರ ಒದ್ದೆಯಾಗುತ್ತದೆ, ಅಲ್ಲಿ ಫೇರಿಂಗೇ ಮೇಲು. ನಾನು ರಬ್ಬರ್ ಗ್ಲೌಸ್ ಹಾಕುತ್ತೇನೆ.

ಮೈಲೇಜಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಅದಕ್ಕಾಗಿ ಯಾರೂ ಹಾಕಿಸುವುದು ಬೇಡ.

ಯಾರಿಗೆ ಫೇರಿಂಗ್ ಒಳ್ಳೆಯದು? ಭಾವನ ಹಾಗೆ ಭಾರದ ಬೈಕಿದ್ದು, ತಿಂಗಳಿಗೊಮ್ಮೆ ಹುಬ್ಬಳ್ಳಿ, ಗೋವಾ ಅಂತ ಇಡೀ ದಿನ ಓಡಿಸುವವರಿಗೆ. ಭಾವ ದಿನಾ ಆಫೀಸಿಗೆ ಹೋಗುವುದು ಕಾರಿನಲ್ಲಿ. ಅವರಿಗೆ ಅದನ್ನು ಕಳಚುವ ಅಗತ್ಯವೇ ಬರುವುದಿಲ್ಲ. 220 ಸಿಸಿಯ ಬಜಾಜ್ ಅವೆಂಜರ್ ಕ್ರೂಸ್ ಇರುವವರಿಗೆ ಕಂಪನಿಯ ಗ್ಲಾಸು ಮೊದಲೇ ಬಂದಿರುತ್ತದೆ. ಅವರು ಹೊಸದು ಕೊಳ್ಳುವ ಮೊದಲು ಅದರ ಎತ್ತರ ಒಮ್ಮೆ ಅಳೆದು ನೋಡಲಿ. ನನ್ನ ಹಾಗೆ ದಿನಾ ಹೆದ್ದಾರಿ, ವಾರಕ್ಕೊಮ್ಮೆ ಪೇಟೆ, ನಾಲ್ಕು ತಿಂಗಳು ಮಳೆ, ಎರಡು ತಿಂಗಳು ಬೆವರು ಅನ್ನುವವರು ವಿಂಡ್‌ಶೀಲ್ಡ್ ತಗೊಳ್ಳಿ, ಕೈಯಲ್ಲೇ ಕಳಚಲು ಬರುವಂಥದ್ದು. ಏಪ್ರಿಲ್, ಮೇ ತಿಂಗಳಲ್ಲಿ ಪೇಟೆಗೆ ಹೋಗುವ ದಿನ ನಾನು ಅದನ್ನು ಎರಡು ನಿಮಿಷದಲ್ಲಿ ತೆಗೆದು ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ ಒಳಗಿಡುತ್ತೇನೆ.

ತೊಳೆಯುವುದರ ಬಗ್ಗೆ ಒಂದು ಮಾತು. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಸಂಜೆ ಹುಳ ಅಂಟಿ ಒಣಗಿದ್ದನ್ನು ಒಣ ಬಟ್ಟೆಯಲ್ಲಿ ತಿಕ್ಕಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ಆಮೇಲೆ ಸೋಪಿನ ನೀರಿನಲ್ಲಿ ಮೆಲ್ಲಗೆ ಒರೆಸಿ. ಪೆಟ್ರೋಲ್ ಬೇಡವೇ ಬೇಡ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ, ಮಂಕಾಗುತ್ತದೆ. ಕ್ಲಾಂಪಿನ ಬೋಲ್ಟುಗಳನ್ನು ಮೊದಲ ದಿನವೇ ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿ. ನಾನು ಬದಲಿಸಿ ಒಂದು ಮಳೆಗಾಲ ಕಳೆಯಿತು. ಮೊನ್ನೆ ಬಿಚ್ಚಿ ನೋಡಿದೆ, ಎಂಟಕ್ಕೆ ಎಂಟೂ ಬೆಳ್ಳಗೆ ಇವೆ.