ಲೇಸರ್ ತೋಟಾ ಹಾಕಿ ಮನೆಯಲ್ಲಿ ಗುರಿ ಅಭ್ಯಾಸ ಮಾಡುವವರು ದಯವಿಟ್ಟು ಇದನ್ನು ಓದಿ

ನಮ್ಮದು ಕೊಡಗು. ಇಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿಯೂ 2029ರವರೆಗೆ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು ನಾವು. ಕೋವಿ ವಿಷಯದಲ್ಲಿ ನಮಗೆ ಯಾರು ಏನು ಹೇಳಿಕೊಡಬೇಕು ಅನ್ನೋ ಧೈರ್ಯ ನನಗೂ ಇತ್ತು. ಆ ಧೈರ್ಯದಿಂದ ನಮ್ಮ ಮನೆಯಲ್ಲಿ ಅವ್ವನ ಜೀವ ಹೋಗಿಬಿಡುತ್ತಿತ್ತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ (ಹಾರುವ ತಟ್ಟೆಗೆ ಕೋವಿಯಿಂದ ಹೊಡೆಯುವ ಸ್ಪರ್ಧೆ) ಮಿಶ್ರ ತಂಡದ ಕಂಚಿನ ಪಂದ್ಯ ನೆನಪಿದೆಯಲ್ವಾ? ಮಹೇಶ್ವರಿ ಚೌಹಾಣ್, ಅನಂತ್‌ಜೀತ್ ಸಿಂಗ್ ನರೂಕಾ 43–44ರಲ್ಲಿ, ಒಂದೇ ಒಂದು ತಟ್ಟೆಯಿಂದ ಸೋತರು. ಅದನ್ನು ನೋಡಿದ ಮೇಲೆ ಅಣ್ಣನ ಮಗಳಿಗೆ ಸ್ಕೀಟ್ ಕಲಿಯಲೇಬೇಕು ಅನ್ನಿಸಿತು. ಅವಳಿಗೆ 21 ವರ್ಷ, ಕೈ ಗಟ್ಟಿ. ಆದರೆ ಹಾರುವ ತಟ್ಟೆಗೆ ಹೊಡೆಯುವ ರೇಂಜ್ ನಮಗೆ ಹತ್ತಿರದಲ್ಲಿಲ್ಲ. ಒಂದು ಸುತ್ತಿಗೆ 25 ತಟ್ಟೆ, 25 ತೋಟಾ. ಖರ್ಚು ನೀವೇ ಲೆಕ್ಕ ಹಾಕಿ. ಅದಕ್ಕೆ ಮನೆಯಲ್ಲೇ ಲೇಸರ್ ಕಿಟ್ ಹಾಕಿಸಿದೆ. ಪ್ರೊಜೆಕ್ಟರ್ ಗೋಡೆಯ ಮೇಲೆ ತಟ್ಟೆ ಹಾರಿಸುತ್ತದೆ. ಕೋವಿಯೊಳಗೆ ಹಿತ್ತಾಳೆಯ ಲೇಸರ್ ತೋಟಾ ಇರುತ್ತದೆ. ಟ್ರಿಗರ್ ಒತ್ತಿದರೆ ನಳಿಗೆಯಿಂದ ಕೆಂಪು ಚುಕ್ಕೆ ಹೊರಡುತ್ತದೆ, ಅದು ಎಲ್ಲಿ ಬಿತ್ತು ಅಂತ ಕ್ಯಾಮೆರಾ ನೋಡುತ್ತದೆ. ಸ್ಕೀಟ್‌ನಲ್ಲಿ ಎರಡು ತಟ್ಟೆ ಒಟ್ಟಿಗೆ ಬರುವುದೂ ಇದೆ, ಹಾಗಾಗಿ ಎರಡು ನಳಿಗೆಗೂ ಒಂದೊಂದು ಲೇಸರ್ ತೋಟಾ ತರಿಸಿದೆ. "ನಿಮ್ಮ ಕೋವಿಗೇ ಹಾಕಿ ಸಾರ್, ಇದು ಬರೀ ಬೆಳಕು" ಅಂತ ಮಾರಿದವರು ಹೇಳಿದರು. ನಾನೂ ನಂಬಿದೆ.

ಮಹಡಿಯ ರೂಮಿನಲ್ಲಿ ಕಿಟ್ ಜೋಡಿಸಿದೆವು. ಒಂದು ಪಕ್ಕ ಪ್ಲೈವುಡ್ ಪಾರ್ಟಿಷನ್, ಬಿಳಿ ಬಣ್ಣ ಹೊಡೆದದ್ದು. ಪರದೆಗೆ ಸರಿಯಾಗಿದೆ ಅಂತ ಅದನ್ನೇ ಆರಿಸಿದೆ. ಅದರ ಆಚೆ ಅವ್ವನ ಮಂಚ.

ಆ ದಿನದ ಹಿಂದಿನ ರಾತ್ರಿ ಗದ್ದೆಗೆ ಹಂದಿ ಇಳಿದಿತ್ತು. ನಾನು ಜೋಡಿ ನಳಿಗೆಗೂ ತೋಟಾ ತುಂಬಿಕೊಂಡು ಹೋದೆ. ಬೆದರಿಸಲು ಬಲ ನಳಿಗೆಯದನ್ನು ಗಾಳಿಯಲ್ಲಿ ಹಾರಿಸಿದೆ, ಹಂದಿ ಓಡಿತು. ಮಳೆ ಹನಿಯುತ್ತಿತ್ತು. ಮನೆಗೆ ಬಂದು ಖಾಲಿ ತೋಟಾ ತೆಗೆದು ಎಸೆದು, ಎಡಗಡೆಯದನ್ನು ಹಾಗೇ ಬಿಟ್ಟು ಕೋವಿಯನ್ನು ಮೂಲೆಯಲ್ಲಿ ಇಟ್ಟೆ. ಈ ತಪ್ಪು ಪೂರ್ತಿ ನನ್ನದು.

ಮರುದಿನ ಸಂಜೆ ಪ್ರೊಜೆಕ್ಟರ್ ಚೆನ್ನಾಗಿ ಕಾಣಲಿ ಅಂತ ದೀಪ ಆರಿಸಿದ್ದೆವು. ಅಣ್ಣನ ಮಗಳು ಕೋವಿಯನ್ನು ಮಡಚಿ ನೋಡಿ, "ಚಿಕ್ಕಪ್ಪ, ಎಡಗಡೇದು ಆಗ್ಲೇ ಹಾಕಿದೆ" ಅಂದಳು. ನಾನು ಕಂಪ್ಯೂಟರ್ ಮುಂದೆ ಕೂತಿದ್ದೆ. "ಹೂಂ, ನಿನ್ನೆಯ ಲೇಸರ್ ತೋಟಾನೇ ಇರಬೇಕು" ಅಂದೆ. ಹಿಂದಿನಿಂದ ನೋಡಿದರೆ ಲೇಸರ್ ತೋಟಾ, ಅಸಲಿ ತೋಟಾ ಎರಡೂ ಒಂದೇ ಥರ. ಹಿತ್ತಾಳೆಯ ಅಂಚು, ನಡುವೆ ಒಂದು ಗುಂಡು ಗುರುತು. ಅಸಲಿ ತೋಟಾದ ಪ್ಲಾಸ್ಟಿಕ್ ಭಾಗ ನಳಿಗೆಯೊಳಗೆ ಅಡಗಿರುತ್ತದೆ, ಮಬ್ಬು ಬೆಳಕಲ್ಲಿ ಗೊತ್ತೇ ಆಗಲ್ಲ. ಎರಡನೇ ಲೇಸರ್ ತೋಟಾ ಮೇಜಿನ ಡ್ರಾಯರ್‌ನಲ್ಲೇ ಇತ್ತು.

ಜೋಡಿ ತಟ್ಟೆ ಹಾರಿತು. ಮುಂದಿನ ಟ್ರಿಗರ್‌ಗೆ ಕೆಂಪು ಚುಕ್ಕೆ ಬಿತ್ತು. ಹಿಂದಿನ ಟ್ರಿಗರ್‌ಗೆ ಗುಂಡೇ ಹಾರಿತು.

ಮುಚ್ಚಿದ ರೂಮಿನಲ್ಲಿ 12 ಬೋರ್ ಸದ್ದು ಹೇಗಿರುತ್ತದೆ ಅಂತ ಹೊರಗೆ ಮಾತ್ರ ಹೊಡೆದವರಿಗೆ ಗೊತ್ತಾಗಲ್ಲ. ನಮಗೆ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು. ನಾಲ್ಕು ಮೀಟರ್ ದೂರದಲ್ಲಿ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಇನ್ನೂ ಚದುರಿರುವುದಿಲ್ಲ, ಒಂದು ಉಂಡೆಯಾಗಿಯೇ ಹೋಗುತ್ತದೆ. ಪ್ಲೈವುಡ್‌ನಲ್ಲಿ ನಿಂಬೆಹಣ್ಣು ತೂರುವಷ್ಟು ತೂತು. ಆಚೆ ಹೋಗಿ ನೋಡಿದೆ. ಅವ್ವನ ದಿಂಬು ಹರಿದಿತ್ತು, ಹತ್ತಿ ರೂಮೆಲ್ಲ ಹರಡಿತ್ತು, ಗೋಡೆಯ ಗಾರೆ ಕಿತ್ತು ಬಂದಿತ್ತು. ಅವ್ವ ಕೆಳಗೆ ಹಸುವಿಗೆ ಹುಲ್ಲು ಹಾಕಲು ಹೋಗಿದ್ದರು. ಸಾಮಾನ್ಯವಾಗಿ ಆ ಹೊತ್ತಿಗೆ ಮಲಗಿರುತ್ತಾರೆ. ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಒಂದು ತಿಂಗಳು ಕೋವಿ ಮುಟ್ಟಲಿಲ್ಲ.

ಇಷ್ಟಾಗಿ ಆ ಕಿಟ್‌ನಿಂದ ಕಲಿತದ್ದಾದರೂ ಏನು? ಆಮೇಲೆ ರೇಂಜ್‌ಗೆ ಕರೆದುಕೊಂಡು ಹೋದಾಗ 25ರಲ್ಲಿ 4 ಒಡೆದಳು. ಉಳಿದವೆಲ್ಲ ತಟ್ಟೆಯ ಹಿಂದೆ ಹೋಗುತ್ತಿವೆ ಅಂತ ಅಲ್ಲಿನ ಕೋಚ್ ಹೇಳಿದರು. ಲೇಸರ್ ಬೆಳಕು ತಕ್ಷಣ ಮುಟ್ಟುತ್ತದೆ, ಚರೆ ಹಾಗಲ್ಲ. ಸ್ಕೀಟ್‌ನ ನಡುವಿನ ಸ್ಟೇಷನ್‌ನಿಂದ (ನಿಂತು ಹೊಡೆಯುವ ಜಾಗದಿಂದ) ತಟ್ಟೆ ಸುಮಾರು 19 ಮೀಟರ್ ದೂರ. ಚರೆ ಅಲ್ಲಿಗೆ ಹೋಗಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ಬೇಕು, ಅಷ್ಟರಲ್ಲಿ ತಟ್ಟೆ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ಮುಂದಕ್ಕೆ ಹೊಡೆಯಬೇಕು. ಒಳ್ಳೆಯ ಸಿಮ್ಯುಲೇಟರ್‌ಗಳು ಈ ಲೆಕ್ಕ ಹಾಕುತ್ತವೆ. ನಮ್ಮದು ಚುಕ್ಕೆ ತಟ್ಟೆಯ ಮೇಲೆ ಬಿದ್ದರೆ ಸಾಕು, ಪಾಯಿಂಟ್ ಕೊಡುತ್ತಿತ್ತು. ಎರಡು ತಿಂಗಳು ಸುಮ್ನೆ ತಪ್ಪನ್ನೇ ರೂಢಿ ಮಾಡಿಸಿದ್ದೆವು. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ. ಬೆಳಕು ಕಣ್ಣಿಗೆ ಬಿದ್ದರೆ ಅಪಾಯ ಆಗಬಾರದು, ಅದಕ್ಕೆ ಲೇಸರ್ ಯಾವ ಕ್ಲಾಸ್ ಅಂತಲೂ ಕೇಳಿ, ಕ್ಲಾಸ್ 2 ಅಂದರೆ 1 ಮಿಲಿವ್ಯಾಟ್ ಒಳಗೆ. ನಮ್ಮ ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ, ರೂಮಿನ ಬೀರುವಿಗೆ ಕನ್ನಡಿ ಬೇರೆ ಇತ್ತು.

ಈಗ ನಮ್ಮ ಮನೆಯ ಕೋವಿ ಆ ರೂಮಿಗೆ ಬರುವುದಿಲ್ಲ. ಗುಂಡು ಹಾರಿಸಲು ಆಗದ ಡಮ್ಮಿ ಕೋವಿಗೆ ಲೇಸರ್ ಕೂರಿಸಿದ್ದೇವೆ. ತೋಟಾಗಳು ಕೆಳಗೆ ಪೆಟ್ಟಿಗೆಯಲ್ಲಿ, ಬೀಗದ ಕೈ ನನ್ನ ಹತ್ತಿರ. ಪರದೆಯನ್ನು ಕಲ್ಲಿನ ಗೋಡೆಗೆ ಬದಲಾಯಿಸಿದೆವು, ಆಚೆ ಬರೀ ಮಣ್ಣಿನ ಬರೆ.

ನಿಮ್ಮಲ್ಲಿ ಯಾರಾದರೂ ಅಸಲಿ ಕೋವಿಗೇ ಲೇಸರ್ ತೋಟಾ ಹಾಕುತ್ತಿದ್ದರೆ, ಇವತ್ತು ಸಂಜೆಯ ಅಭ್ಯಾಸ ನಿಲ್ಲಿಸಿ. ದೀಪ ಹಾಕಿ, ಕೋವಿ ತೆರೆದು, ಎರಡೂ ನಳಿಗೆಗೆ ಬೆರಳು ಹಾಕಿ ನೋಡಿ. ಗೋಡೆಯ ಆಚೆ ಯಾರು ಮಲಗುತ್ತಾರೆ ಅಂತಲೂ ಹೋಗಿ ನೋಡಿ ಬನ್ನಿ.